ಬಸ್ ತಾನಾಗೇ ಬ್ರೇಕ್ ಹಾಕುತ್ತಂತೆ, ಹೌದಾ? ಹಾಗಿದ್ರೆ ಸಿಟಿ ಬಸ್‌ಗೂ ಯಾಕೆ ಹಾಕಿಲ್ಲ?

ಹೌದು. ಮುಂದಿನ ಬಂಪರ್‌ನಲ್ಲಿ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ ಇರುತ್ತದೆ. ಮುಂದೆ ಹೋಗುತ್ತಿರುವ ಗಾಡಿ ತೀರಾ ಹತ್ತಿರವಾದರೆ ಮೊದಲು ಬೀಪ್ ಸದ್ದು. ಡ್ರೈವರ್ ಏನೂ ಮಾಡದಿದ್ದರೆ ಬಸ್ಸೇ ಜೋರಾಗಿ ಬ್ರೇಕ್ ಒತ್ತುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಕಣ್ಣು ಮುಚ್ಚಿದರೆ ಬಸ್ 22 ಮೀಟರ್ ಹೋಗಿರುತ್ತದೆ. ರಾತ್ರಿ ಸ್ಲೀಪರ್ ಬಸ್‌ಗೆ ಇದು ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಆದರೆ ಸಿಟಿ ಬಸ್ ಕಥೆಯೇ ಬೇರೆ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಕಂಬಿ ಹಿಡಿದು ಅಜ್ಜಿಯೊಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಬಸ್ ಪೂರ್ತಿ ಬಲದಿಂದ ನಿಂತರೆ ಅವರು ಡ್ರೈವರ್ ಸೀಟಿನವರೆಗೂ ಉರುಳಿ ಹೋಗ್ತಾರೆ. ಎದುರಿನ ಅಪಘಾತ ತಪ್ಪಿತು, ಒಳಗೆ ಸೊಂಟ ಮುರಿಯಿತು! ಅದಕ್ಕೇ ಯುರೋಪಿನ ನಿಯಮ ನಿಂತು ಪ್ರಯಾಣಿಸುವ ಸಿಟಿ ಬಸ್‌ಗಳಿಗೆ ಇದರಿಂದ ವಿನಾಯಿತಿ ಕೊಟ್ಟಿದೆ.

ಬದಲಿಗೆ ಅಲ್ಲಿ ಬೇರೆಯದು ಕಡ್ಡಾಯ. ಬಸ್ಸಿನ ಪಕ್ಕದಲ್ಲಿ ಸೈಕಲ್ ಇದ್ದರೆ, ಮುಂದೆ ಮೂತಿಯ ಹತ್ತಿರವೇ ಯಾರಾದರೂ ದಾಟುತ್ತಿದ್ದರೆ ಡ್ರೈವರ್‌ಗೆ ಎಚ್ಚರಿಕೆ ಬರಬೇಕು. 2024ರ ಜುಲೈನಿಂದ ಅಲ್ಲಿ ನೋಂದಣಿಯಾಗುವ ಎಲ್ಲ ಹೊಸ ಬಸ್‌ಗಳಿಗೂ ಇದು ಅನ್ವಯಿಸುತ್ತದೆ.