ಓದುಗರ ಪ್ರಶ್ನೆ: ಕಚ್ಚಾ ತೈಲದಲ್ಲಿರೋ ಉಪ್ಪು ಎಷ್ಟು, ಯಾವ ಉಪ್ಪು?

ಪ್ರಶ್ನೆ: ಸರ್, ನಾನು ಸುರತ್ಕಲ್‌ನವಳು, ಎಂಎಸ್ಸಿ ಕೆಮಿಸ್ಟ್ರಿ ಓದ್ತಿದ್ದೇನೆ. ಕಚ್ಚಾ ತೈಲದ ಉಪ್ಪನ್ನ ಕಂಡಕ್ಟಿವಿಟಿ (ವಿದ್ಯುತ್ ಹರಿಯೋ ಗುಣ) ನೋಡಿಯೇ ಬೇಗ ಹೇಳ್ಬಹುದಂತೆ, ಹಾಗಾದ್ರೆ ಅಯಾನ್‌ಗಳನ್ನ ಒಂದೊಂದಾಗಿ ಬೇರ್ಪಡಿಸಿ ಅಳೆಯೋ ಅಯಾನ್ ಕ್ರೊಮ್ಯಾಟೋಗ್ರಫಿ ಯಾಕೆ ಬೇಕು? ಎಣ್ಣೆಯನ್ನ ಸೀದಾ ಮಷಿನ್‌ಗೆ ಹಾಕ್ತಾರಾ?

ಉತ್ತರ: ಸೀದಾ ಖಂಡಿತ ಹಾಕ್ಬಾರ್ದು, ತೈಲದಲ್ಲಿರೋ ಆಸ್ಫಾಲ್ಟೀನ್ ಅನ್ನೋ ಭಾರದ ಪದಾರ್ಥ ಹೋಗಿ, ಅಯಾನ್‌ಗಳನ್ನ ಬೇರ್ಪಡಿಸೋ ಕೊಳವೆ, ಅಂದ್ರೆ ಕಾಲಮ್, ಕಟ್ಕೊಂಡ್ರೆ ದುಬಾರಿ ಕಾಲಮ್ ಅಲ್ಲಿಗೇ ಮುಗೀತು.

ಯಾಕೆ ಬೇಕು ಅನ್ನೋದು ಒಳ್ಳೆ ಪ್ರಶ್ನೆ. ಕಂಡಕ್ಟಿವಿಟಿ ವಿಧಾನ, ಅಂದ್ರೆ ಎಎಸ್‌ಟಿಎಂ ಅನ್ನೋ ಮಾನದಂಡ ಸಂಸ್ಥೆಯ ಡಿ3230, ಬೇಗ ಆಗತ್ತೆ ನಿಜ, ಆದ್ರೆ ಕೊಡೋದು ಒಂದೇ ಒಂದು ಅಂಕಿ. ಅದ್ರ ಕ್ಯಾಲಿಬ್ರೇಷನ್‌ಗೆ ಬಳಸೋ ಮಿಶ್ರಣದಲ್ಲಿ ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಗಳು 70, 20, 10ರ ಪಾಲಲ್ಲಿ ಇರತ್ತೆ. ನಿಮ್ಮೂರ ಪಕ್ಕದ ಎಂಆರ್‌ಪಿಎಲ್ ರಿಫೈನರಿಗೇ ಎಷ್ಟೋ ದೇಶಗಳ ತೈಲ ಹಡಗಲ್ಲಿ ಬರತ್ತೆ, ಎಲ್ಲದ್ರಲ್ಲೂ ಅದೇ ಪಾಲು ಇರ್ಬೇಕಲ್ಲ, ಎಲ್ಲಿರತ್ತೆ! ಮತ್ತೆ ಈ ಪಾಲು ಸಣ್ಣ ವಿಷಯ ಅಲ್ಲ. ಮೆಗ್ನೀಷಿಯಂ ಕ್ಲೋರೈಡ್ ಸುಮಾರು 120 ಡಿಗ್ರಿ ದಾಟಿದ್ಮೇಲೆ ನೀರಿನ ಜೊತೆ ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡೋಕೆ ಶುರು ಮಾಡತ್ತೆ, ಕ್ಯಾಲ್ಸಿಯಂದು ಇನ್ನೂ ಬಿಸಿ ಏರಿದ್ಮೇಲೆ, ಸೋಡಿಯಂದು ಫರ್ನೇಸ್‌ನಲ್ಲೂ ಹೆಚ್ಚುಕಮ್ಮಿ ಹಾಗೇ ಇರತ್ತೆ. ಆ ಅನಿಲ ತೈಲವನ್ನ ಕಾಯಿಸಿ ಭಾಗ ಮಾಡೋ ಟವರ್‌ನ ತುದಿಗೆ ಹೋಗಿ, ಅಲ್ಲಿ ತಣ್ಣಗಾಗಿ ಮೂಡೋ ಮೊದಲ ನೀರಹನಿಯಲ್ಲೇ ಕರಗಿ ಆಸಿಡ್ ಆಗಿ ಕಬ್ಬಿಣ ತಿನ್ನತ್ತೆ. ಅದಕ್ಕೇ ನಾನು ಹೇಳೋದು, ಉಪ್ಪು ಎಷ್ಟಿದೆ ಅನ್ನೋದ್ರ ಜೊತೆ ಯಾವ ಉಪ್ಪು ಅಂತಾನೂ ಕೇಳ್ಬೇಕು, ಅದನ್ನ ಹೇಳೋದು ಈ ಮಷಿನ್.

ಆದ್ರೆ ಇಲ್ಲಿ ಕಷ್ಟದ ಕೆಲಸ ಮಷಿನ್‌ದಲ್ಲ, ಉಪ್ಪನ್ನ ಎಣ್ಣೆಯಿಂದ ನೀರಿಗೆ ಇಳಿಸೋದು. ಉಪ್ಪು ಎಣ್ಣೆಯಲ್ಲಿ ಕರಗಿರಲ್ಲ, ಸಣ್ಣ ಸಣ್ಣ ಉಪ್ಪುನೀರಿನ ಹನಿಗಳಲ್ಲಿ, ಕೆಲವು ಸಲ ಹರಳಾಗಿ ಇರತ್ತೆ, ನಿಂತ ಬಾಟಲಿಯಲ್ಲಿ ತಳಕ್ಕೆ ಕೂತಿರತ್ತೆ, ಹಾಗಾಗಿ ಮೊದಲು ಸ್ಯಾಂಪಲ್ ಬೆಚ್ಚಗೆ ಮಾಡಿ ಜೋರಾಗಿ ಕುಲುಕಿ ಒಂದೇ ಸಮ ಮಾಡ್ಕೊಳ್ಳಿ. ಆಮೇಲೆ ತೂಕ ಮಾಡಿ ಝೈಲೀನ್ ಅಥವಾ ಟಾಲ್ವೀನ್ ಹಾಕಿ ತೆಳು ಮಾಡಿ, ಬಿಸಿ ಡಿಅಯಾನೈಸ್ಡ್ ನೀರಲ್ಲಿ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ ನೀರಿನ ಪದರ ತೆಗೀರಿ. ಎಮಲ್ಷನ್ ಆಗಿ ನೀರು ಬಿಡದೇ ಹೋದ್ರೆ ಎಣ್ಣೆ-ನೀರು ಬೇರೆ ಮಾಡೋ ಡಿಮಲ್ಸಿಫೈಯರ್ ಸ್ವಲ್ಪ ಹಾಕಿ. ಎರಡನೇ ಸಲ ತೊಳೆದ ನೀರನ್ನೂ ಬೇರೆಯಾಗಿ ನೋಡಿ, ಅದ್ರಲ್ಲೂ ಚೆನ್ನಾಗಿ ಕ್ಲೋರೈಡ್ ಬಂದ್ರೆ ಮೊದಲನೇದ್ರಲ್ಲಿ ಪೂರ್ತಿ ಇಳಿದಿಲ್ಲ ಅಂತ ಅರ್ಥ. ಕೊನೆಗೆ 0.45 ಮೈಕ್ರಾನ್ ಫಿಲ್ಟರ್, ಉಳಿದ ಎಣ್ಣೆಯಂಶ ಹಿಡಿಯೋ ಸಿ18 ಕಾರ್ಟ್ರಿಜ್, ಅದಾದ್ಮೇಲೇ ಇಂಜೆಕ್ಷನ್. ಬೆರಳಿನ ಬೆವರಲ್ಲೂ ಉಪ್ಪಿರತ್ತೆ, ಗ್ಲೌಸ್ ಹಾಕಿ, ಪ್ರತಿ ಬ್ಯಾಚ್‌ಗೂ ಎಣ್ಣೆ ಇಲ್ಲದ ಬ್ಲ್ಯಾಂಕ್ ಓಡಿಸಿ.

ಕ್ಲೋರೈಡ್‌ಗೆ ಋಣ ಅಯಾನ್‌ಗಳ ಆನಯಾನ್ ಕಾಲಮ್, ಅದ್ರಲ್ಲಿ ಹರಿಸೋ ದ್ರಾವಣ, ಅಂದ್ರೆ ಎಲ್ಯುಯೆಂಟ್, ಕಾರ್ಬೊನೇಟ್‌ದು. ಕಾಲಮ್ ಆದ್ಮೇಲೆ ಬರೋ ಸಪ್ರೆಸರ್ ಅನ್ನೋ ಭಾಗ ಆ ಕಾರ್ಬೊನೇಟನ್ನ ದುರ್ಬಲ ಕಾರ್ಬೋನಿಕ್ ಆಸಿಡ್ ಮಾಡೋದ್ರಿಂದ ಹಿನ್ನೆಲೆ ಕಂಡಕ್ಟಿವಿಟಿ ಇಳಿದು ಕ್ಲೋರೈಡ್ ಪೀಕ್ ಎದ್ದು ಕಾಣತ್ತೆ, 1975ರಲ್ಲಿ ಡೌ ಕೆಮಿಕಲ್‌ನ ಹ್ಯಾಮಿಶ್ ಸ್ಮಾಲ್ ಮತ್ತವರ ಜೊತೆಗಾರರು ಪ್ರಕಟಿಸಿದ ಈ ಉಪಾಯ ನಿಜಕ್ಕೂ ಅದ್ಭುತ. ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂಗೆ ಅದೇ ನೀರನ್ನ ಧನ ಅಯಾನ್‌ಗಳ ಕ್ಯಾಟಯಾನ್ ಕಾಲಮ್‌ಗೆ ಹಾಕಿ.

ಲೆಕ್ಕ ಸುಲಭ. ಲೀಟರ್ ತೈಲದಲ್ಲಿ 20 ಮಿಲಿಗ್ರಾಂ ಕ್ಲೋರೈಡ್ ಸಿಕ್ತು ಅಂದ್ಕೊಳ್ಳಿ, 1.65ರಿಂದ ಗುಣಿಸಿದ್ರೆ ಸೋಡಿಯಂ ಕ್ಲೋರೈಡ್ ಲೆಕ್ಕದಲ್ಲಿ 33 ಮಿಲಿಗ್ರಾಂ, 2.85ರಿಂದ ಭಾಗಿಸಿದ್ರೆ ಸುಮಾರು 11.6 ಪಿಟಿಬಿ, ಅಂದ್ರೆ ಸಾವಿರ ಬ್ಯಾರೆಲ್‌ಗೆ ಅಷ್ಟು ಪೌಂಡ್ ಉಪ್ಪು.

ಪ್ರಶ್ನೆ: ತೈಲದ ಉಪ್ಪನ್ನ ನೀರಲ್ಲಿ ತೊಳೆದು ತೆಗೆಯೋ ಡಿಸಾಲ್ಟರ್ ಆದ್ಮೇಲೆ ಉಪ್ಪು 1 ಪಿಟಿಬಿಗಿಂತ ಕಮ್ಮಿ, ಆದ್ರೂ ಟವರ್ ಮೇಲಿನ ನೀರಲ್ಲಿ ಕ್ಲೋರೈಡ್ ಜಾಸ್ತಿ. ಲ್ಯಾಬ್ ತಪ್ಪಾ? – ಒಬ್ಬ ಪ್ಲಾಂಟ್ ಎಂಜಿನಿಯರ್

ಉತ್ತರ: ಲ್ಯಾಬನ್ನ ಬೈಯೋ ಮೊದಲು ಆರ್ಗ್ಯಾನಿಕ್ ಕ್ಲೋರೈಡ್, ಅಂದ್ರೆ ಇಂಗಾಲದ ಅಣುಗಳಿಗೆ ಅಂಟಿರೋ ಕ್ಲೋರಿನ್, ನೋಡಿಸಿ. ಅದು ನೀರಿಗೆ ಇಳಿಯಲ್ಲ, ಹಾಗಾಗಿ ಡಿಸಾಲ್ಟರ್‌ಗೂ ಸಿಗಲ್ಲ, ಮೇಲೆ ಹೇಳಿದ ವಿಧಾನಕ್ಕೂ ಕಾಣಲ್ಲ, ಬಿಸಿಯಲ್ಲಿ ಒಡೆದು ಅದೇ ಆಸಿಡ್ ಕೊಡತ್ತೆ. 2019ರ ಏಪ್ರಿಲ್‌ನಲ್ಲಿ ರಷ್ಯಾದ ದ್ರುಜ್ಬಾ ಪೈಪ್‌ಲೈನ್‌ನಲ್ಲಿ ಇದೇ ಬಂದಿದ್ದು, 10 ಪಿಪಿಎಂ ಮಿತಿ ಇದ್ದಲ್ಲಿ ನೂರಾರು ಪಿಪಿಎಂ, ಬೆಲಾರೂಸ್‌ನ ಮೊಜಿರ್ ರಿಫೈನರಿಯಲ್ಲಿ ಉಪಕರಣ ಹಾಳಾಗಿ ಯೂರೋಪಿಗೆ ಹೋಗೋ ತೈಲ ನಿಲ್ಲಿಸ್ಬೇಕಾಯ್ತು. ನಿಮಗೆ ಬೇಕಿರೋದು ಎಎಸ್‌ಟಿಎಂ ಡಿ4929: 204 ಡಿಗ್ರಿವರೆಗೆ ಕುದಿಯೋ ಹಗುರ ಭಾಗವನ್ನ, ಅಂದ್ರೆ ನ್ಯಾಫ್ತಾವನ್ನ, ಬಟ್ಟಿ ಇಳಿಸಿ, ಕಾಸ್ಟಿಕ್ ಮತ್ತು ನೀರಲ್ಲಿ ತೊಳೆದು, ಆಮೇಲೆ ಅಳೆಯೋದು. ಕಂಬಶ್ಚನ್ ಅಯಾನ್ ಕ್ರೊಮ್ಯಾಟೋಗ್ರಫಿ ಇದ್ರೆ ಸ್ಯಾಂಪಲ್ಲನ್ನೇ ಆಕ್ಸಿಜನ್‌ನಲ್ಲಿ ಸುಟ್ಟು ಒಟ್ಟು ಕ್ಲೋರಿನ್ ನೋಡ್ಬಹುದು. ಅದ್ರಲ್ಲಿ ನೀರಿಗೆ ಇಳಿದ ಕ್ಲೋರೈಡ್ ಕಳೀರಿ, ಉಳಿದದ್ದು ದೊಡ್ಡದಿದ್ರೆ ಆ ತೈಲದ ಹಿಂದಿನ ಲೋಡ್‌ಗಳ ಸ್ಯಾಂಪಲ್ ತೆಗೆಸಿ ನೋಡಿ.