ಕಿಲ್ಪೆಕ್ ಚರ್ಚ್, ಸವೆದ ಗೋರಿಕಲ್ಲು: ಪ್ರತಿಕ್ರಿಯೆ

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನ ಕಿಲ್ಪೆಕ್ ಹಳ್ಳಿ ಚರ್ಚಿಗೆ ಒಂದು ಗಂಟೆ ಸಾಕಾ, ಸವೆದ ಗೋರಿಕಲ್ಲು ಓದೋದು ಹೇಗೆ ಅಂತ ಕೇಳಿದ್ದೀರಿ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಸುಮಾರು 1140ರ ಕಟ್ಟಡ. ದಕ್ಷಿಣ ಬಾಗಿಲಿನ ಕೆಂಪು ಮರಳುಗಲ್ಲಿನಲ್ಲಿ ಹಾವು, ಬಳ್ಳಿ, ಬಳ್ಳಿಗೆ ಸಿಕ್ಕಿಕೊಂಡ ಯೋಧರ ಗೆರೆಗಳು ಇನ್ನೂ ಚೂಪಾಗಿವೆ. ಸೂರಿನಡಿ 85 ಕೆತ್ತನೆಯ ಚಾಚುಗಲ್ಲುಗಳಿವೆ, ಬೈನಾಕ್ಯುಲರ್ ಬೇಕೇ ಬೇಕು. ಅಕ್ಕಪಕ್ಕ ಕೂತ ನಾಯಿ-ಮೊಲದ ಜೋಡಿಯನ್ನು ಮಾತ್ರ ತಪ್ಪಿಸಬೇಡಿ.

ಗೋರಿಕಲ್ಲಿಗೆ ಸೀಮೆಸುಣ್ಣ, ಶೇವಿಂಗ್ ಫೋಮ್ ಹಚ್ಚಲೇಬೇಡಿ; ಕಲ್ಲಿನ ರಂಧ್ರಗಳಲ್ಲಿ ಉಳಿದು ಹಾಳುಮಾಡುತ್ತೆ. ಮೇಲೆ ಪಾಚಿಯಂತೆ ಬೆಳೆದ ಕಲ್ಲುಹೂವನ್ನೂ ಕೆರೆಯಬೇಡಿ, ಅಕ್ಷರದ ಮೇಲ್ಪದರವೂ ಜೊತೆಗೆ ಕಿತ್ತುಬರುತ್ತೆ. ಕನ್ನಡಿ ಅಥವಾ ಟಾರ್ಚಿನಿಂದ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ: ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಹೆಸರು ಎದ್ದು ಕಾಣುತ್ತೆ. ಪ್ರಾರ್ಥನೆ ನಡೀತಿದ್ದರೆ ಕಾಯಿರಿ. ಹೊರಡುವಾಗ ಬಾಗಿಲು ಹಾಕಿ; ತೆರೆದಿದ್ದರೆ ಹಕ್ಕಿ ಒಳಗೆ ಹೋಗಿ ಸಿಕ್ಕಿಬಿದ್ದು ನೀರಿಲ್ಲದೆ ಸಾಯುತ್ತೆ.