ಮನೆಯಲ್ಲೇ ಬೆರೆಸಿದ ಕೋಳಿ ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಲೆಕ್ಕ ಹಾಕೋದು ಹೇಗೆ?

ಪ್ರತಿ ಪದಾರ್ಥದ ತೂಕವನ್ನು ಅದರ ಪ್ರೋಟೀನ್ ಶೇಕಡಾವಾರಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. ಅಷ್ಟೇ ಲೆಕ್ಕ.

10 ಕೆಜಿ ಮಿಶ್ರಣ ನೋಡೋಣ. ಮುಸುಕಿನ ಜೋಳ 5 ಕೆಜಿ (ಸುಮಾರು ಶೇ 9) ಅಂದರೆ 450 ಗ್ರಾಂ ಪ್ರೋಟೀನ್. ಸೋಯಾ ಹಿಂಡಿ ಎರಡೂವರೆ ಕೆಜಿ (ಶೇ 44), 1100 ಗ್ರಾಂ. ರಾಗಿ 1 ಕೆಜಿ (ಶೇ 7), 70 ಗ್ರಾಂ. ಅಕ್ಕಿ ತೌಡು ಅರ್ಧ ಕೆಜಿ (ಶೇ 12), 60 ಗ್ರಾಂ. ಉಳಿದ 1 ಕೆಜಿ ಕಪ್ಪೆಚಿಪ್ಪಿನ ಚೂರು, ಅದರಲ್ಲಿ ಪ್ರೋಟೀನ್ ಇಲ್ಲ. ಒಟ್ಟು 1680 ಗ್ರಾಂ, ಅಂದರೆ ಶೇ 16.8. ಮೊಟ್ಟೆ ಇಡುವ ಕೋಳಿಗೆ ಶೇ 16ರಿಂದ 18 ಬೇಕು, ಸಾಕಾಗುತ್ತದೆ.

ದಯವಿಟ್ಟು ಪಾವು, ಸೇರಿನಲ್ಲಿ ಅಳೆಯಬೇಡಿ. ತೌಡು ಹಗುರ, ಜೋಳ ಭಾರ. ಸೇರು ಒಂದೇ ಆದರೂ ತೂಕ ಬೇರೆ, ಲೆಕ್ಕವೆಲ್ಲ ತಪ್ಪುತ್ತದೆ.

ಕ್ಯಾಲ್ಸಿಯಂ ಲೆಕ್ಕವೂ ಹೀಗೆಯೇ. ಚಿಪ್ಪಿನಲ್ಲಿ ಅದು ಸುಮಾರು ಶೇ 38 ಇರುವುದರಿಂದ ಈ ಮಿಶ್ರಣಕ್ಕೆ ಶೇ 3.8 ಸಿಗುತ್ತದೆ. ಇದನ್ನು ಬಿಡಲೇಬೇಡಿ: ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಆಹಾರದಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಮರಿಗಳಿಗೆ ಮಾತ್ರ ಇಷ್ಟು ಚಿಪ್ಪು ಹಾಕಬಾರದು, ಮೂತ್ರಪಿಂಡ ಕೆಡುತ್ತದೆ.

ಮೊತ್ತ ಸರಿಯಿದ್ದರೂ ಪ್ರೋಟೀನಿನ ಗುಣಮಟ್ಟ ಬೇರೆ ವಿಷಯ. ಜೋಳದಲ್ಲಿ ಲೈಸಿನ್ ಎಂಬ, ಪ್ರೋಟೀನಿನ ಒಂದು ಮುಖ್ಯ ಅಂಶ ಕಡಿಮೆ, ಅದನ್ನು ಸೋಯಾ ತುಂಬುತ್ತದೆ. ಹಾಗಾಗಿ ಸೋಯಾ ಕಡಿತ ಮಾಡಿ ಬರೀ ಜೋಳ, ರಾಗಿ ಹೆಚ್ಚಿಸಬೇಡಿ. ಹಿಂಡಿಯ ಶೇಕಡಾವಾರು ಚೀಲದಿಂದ ಚೀಲಕ್ಕೆ ಬದಲಾಗುತ್ತದೆ, ಚೀಟಿ ಓದಿ ಕೊಳ್ಳಿ.